ಕಾಲು ನಂದು, ರಿಯಾಯ್ತಿ ನಿನಗ

ಖಾಸಿಂಬಿಗೆ ಓದಲು ಬರುತ್ತದೆ ಎಂಬುದು ಅವಳ ತಮ್ಮನಿಗೆ ಮರೆತೇ ಹೋಗಿತ್ತು. ಮೊರಬದ ಹೈಸ್ಕೂಲಿನಲ್ಲಿ ವರ್ಷವರ್ಷ ನೂರಾರು ಮಕ್ಕಳಿಗೆ ಕನ್ನಡ ಕಲಿಸುವ ಮಾಸ್ತರ, ಮನೆಯಲ್ಲಿ ಕೂತ ಸ್ವಂತ ಅಕ್ಕ ಏಳನೇ ಇಯತ್ತೆ ಪಾಸಾಗಿದ್ದಾಳೆ ಎಂಬುದನ್ನು ಮರೆತುಬಿಡುತ್ತಾನೆ ಎಂದರೆ ಅವನಿಗೆ ಏನು ಹೇಳಬೇಕು! ಫೆಬ್ರವರಿ ತಿಂಗಳ ಒಂದು ಶನಿವಾರ, ಶಾಲೆ ಬೇಗ ಬಿಟ್ಟಿತ್ತು. ಜಹೀರುದ್ದೀನ ಬಸ್ಸು ಹಿಡಿದು ನವಲಗುಂದಕ್ಕೆ ಬಂದವನು ಬೂಟು ಕೂಡ ಬಿಚ್ಚದೆ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಒಂದು ಕಾಗದವಿತ್ತು. ಮಗ್ಗದ ಮುಂದೆ ಕೂತಿದ್ದ ಅಕ್ಕನ ಕಡೆ ಅದನ್ನು ಚಾಚಿ, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು, "ಆಪಾ, ಇಲ್ಲೊಂದು ಸಹಿ ಮಾಡು" ಎಂದ.

ಸಹಿ ಮಾಡುವುದು ಖಾಸಿಂಬಿಗೆ ಹೊಸದೇನಲ್ಲ. ರೇಶನ್ ಕಾರ್ಡಿಗೆ, ಬ್ಯಾಂಕಿಗೆ, ಮತದಾರರ ಪಟ್ಟಿಗೆ ಎಂದು ತಮ್ಮ ತೋರಿಸಿದಲ್ಲೆಲ್ಲ ಅವಳು ಸಹಿ ಮಾಡುತ್ತ ಬಂದವಳೇ. ಆದರೆ ಅಂದು ಅವಳು ನೇಯುತ್ತಿದ್ದ ಜಮಖಾನದಲ್ಲಿ ನವಿಲಿನ ಕೊರಳು ಬಂದಿತ್ತು. ಕೊರಳಿನ ಬಣ್ಣ ಬದಲಿಸುವಾಗ ಐವತ್ತೊಂದರ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕನ್ನಡಕ ಮೂಗಿನ ಮೇಲೆ ಇದ್ದುದರಿಂದ ಕಾಗದವನ್ನು ಓದಿಬಿಟ್ಟಳು.

'ಈ ಮೂಲಕ ನಾನು ಖಾಸಿಂಬಿ ತಂದೆ ಬುಡನಸಾಬ, ಶೇಕಡಾ ಅರವತ್ತರಷ್ಟು ಅಂಗವಿಕಲತೆ ಹೊಂದಿದ್ದು, ಯಾವುದೇ ಸ್ವಂತ ಆದಾಯವಿಲ್ಲದೆ, ನನ್ನ ಪಾಲನೆ ಪೋಷಣೆಗೆ ನನ್ನ ಸಹೋದರ ಜಹೀರುದ್ದೀನ ಇವರ ಮೇಲೆ ಸಂಪೂರ್ಣವಾಗಿ ಅವಲಂಬಿತಳಾಗಿರುತ್ತೇನೆ.'

"ಅವಲಂಬಿತ ಅಂದ್ರೇನು?" ಎಂದು ಕೇಳಿದಳು.

ಕನ್ನಡ ಮಾಸ್ತರ ಒಂದು ಗಳಿಗೆ ತಡವರಿಸಿದ. "ಅಂದ್ರ… ಆಸರ. ನಾ ನಿನಗ ಆಸರ ಅದೀನಿ ಅಂತ."

"ನೀ ಆಸರ ಅದೀ, ಆತು. ಮತ್ತ ಸ್ವಂತ ಆದಾಯ ಇಲ್ಲ ಅಂತ ಬರದೀಯಲ್ಲ? ಈ ನವಿಲನ್ನ ನಾ ಪುಕ್ಕಟ ನೇಯಾಕತ್ತೀನೇನು?"

"ಅದು ನಿನ್ನ ಕೈಖರ್ಚಿಂದು, ಆಪಾ. ಅದನ್ನ ಯಾರ ಆದಾಯ ಅಂತಾರ!" ಎಂದು ಜಹೀರುದ್ದೀನ ನಕ್ಕ. ಕೆಟ್ಟ ನಗುವಲ್ಲ, ಸಲಿಗೆಯ ನಗು. ಆದರೂ ಖಾಸಿಂಬಿಗೆ ಅದು ನಾಟಿತು.

ಅವನು ಬಾಗಿಲ ಹೊಸ್ತಿಲ ಮೇಲೇ ಕೂತು, ಹಿಂದಿನ ಬೆಂಚಿನ ಮಕ್ಕಳಿಗೆ ತಿಳಿಸುವ ಹಾಗೆ ತಿಳಿಸಿದ. ಅಂಗವಿಕಲರನ್ನು ಸಾಕುವವರಿಗೆ ಸರಕಾರ ಆದಾಯ ತೆರಿಗೆಯಲ್ಲಿ ರಿಯಾಯ್ತಿ ಕೊಡುತ್ತದೆ. ಶೇಕಡಾ ನಲವತ್ತರಷ್ಟು ವಿಕಲತೆ ಇದ್ದರೆ ಸಾಕು, ಅವನ ಆದಾಯದಲ್ಲಿ ಎಪ್ಪತ್ತೈದು ಸಾವಿರವನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ಹಾಗೆ ಬಿಟ್ಟರೆ ಅವನ ಲೆಕ್ಕ ಐದು ಲಕ್ಷದ ಒಳಗೆ ಬರುತ್ತದೆ, ತೆರಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಬಿಡದಿದ್ದರೆ ಫೆಬ್ರವರಿ ಪಗಾರದಲ್ಲಿ ಇಪ್ಪತ್ತೈದು ಸಾವಿರ ಹಿಡಿದುಕೊಳ್ಳುತ್ತಾರೆ.

"ಮತ್ತ ಇದು ಈ ಒಂದ ವರ್ಷದ ಮಾತು, ಆಪಾ. ಮೊನ್ನೆ ಬಜೆಟ್ಟಿನಾಗ ಹೇಳ್ಯಾರ, ಬರೂ ವರ್ಷದಿಂದ ಹೊಸ ಪದ್ಧತಿ ಆರಿಸಿಕೊಂಡ್ರ ಹನ್ನೆರಡು ಲಕ್ಷದ ತನಕ ತೆರಿಗಿನ ಇಲ್ಲ. ಆವಾಗ ಈ ಕಾಗದ ಯಾರಿಗೂ ಬೇಕಾಗೂದಿಲ್ಲ."

"ಅಂದ್ರ ಕಾಲು ನಂದು, ರಿಯಾಯ್ತಿ ನಿನಗ" ಎಂದಳು ಖಾಸಿಂಬಿ.

ತಮ್ಮ ಜೋರಾಗಿ ನಕ್ಕ. ಅವಳು ನಗಲಿಲ್ಲ ಎಂಬುದು ಅವನ ಗಮನಕ್ಕೆ ಬರಲಿಲ್ಲ. "ಸೋಮವಾರ ಹೆಡ್‌ಮಾಸ್ತರ ಕೈಯಾಗ ಕೊಡಬೇಕು" ಎಂದ. "ಇಟ್ಟು ಹೋಗು, ನವಿಲಿನ ಕೊರಳು ಮುಗೀಲಿ" ಎಂದು ಅವಳು ಮಗ್ಗದ ಕಡೆ ತಿರುಗಿದಳು. ಕಾಗದ ನೂಲಿನ ಬುಟ್ಟಿಯಲ್ಲಿ ಕೂತಿತು.

ಹಾಗೆಂದು ಖಾಸಿಂಬಿಗೆ ತನ್ನ ಕಾಲಿನ ಬಗ್ಗೆ ನಾಚಿಕೆ ಇತ್ತೆಂದು ತಿಳಿಯಬೇಡಿ. ಎರಡು ವರ್ಷದ ಕೂಸಿದ್ದಾಗ ಜ್ವರ ಬಂದು ಎಡಗಾಲು ಬಡಕಲಾಗಿತ್ತು. ಅದನ್ನು ಅವಳು ಎಂದೂ ಸೀರೆಯ ನೆರಿಗೆಯಲ್ಲಿ ಮುಚ್ಚಿಟ್ಟವಳಲ್ಲ. ನವೆಂಬರಿನಲ್ಲಿ ಅಂಗವಿಕಲರ ಕಾರ್ಡು ಮಾಡಿಸಲು ತಮ್ಮ ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿದ್ದ. ಡಾಕ್ಟರು ಕಾಲನ್ನು ಎತ್ತಿ ಇಳಿಸಿ, ಟೇಪು ಹಿಡಿದು ಅಳೆದು, ನಡೆಸಿ ನೋಡಿ, ಅರವತ್ತು ಎಂದು ಬರೆದರು. ಹೊರಗೆ ಬೆಂಚಿನ ಮೇಲೆ ಜಹೀರುದ್ದೀನ ಪರೀಕ್ಷೆಗೆ ಮಗಳನ್ನು ಕಳಿಸಿದ ತಂದೆಯ ಹಾಗೆ ಉಗುರು ಕಚ್ಚುತ್ತ ಕೂತಿದ್ದ. "ಎಷ್ಟು ಬಂತು ಆಪಾ?" ಎಂದು ಕೇಳಿದ. "ಅರವತ್ತು ಬಂತಪಾ, ಫಸ್ಟ್ ಕ್ಲಾಸ್" ಎಂದಿದ್ದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಇಬ್ಬರೂ ಅದನ್ನೇ ಹೇಳಿಕೊಂಡು ನಕ್ಕಿದ್ದರು. ಕಾಲು ಕುಂಟು ಎಂದು ಸರಕಾರ ಬರೆದುಕೊಂಡರೆ ಬರೆದುಕೊಳ್ಳಲಿ, ಇದ್ದದ್ದು ಇದ್ದ ಹಾಗೆ. ಅವಳ ತಕರಾರು ಇದ್ದದ್ದು ಇಲ್ಲದ್ದನ್ನು ಬರೆಯುವುದರ ಮೇಲೆ.

ಅದಕ್ಕೆ ಕಾರಣ ತಿಳಿಯಬೇಕಾದರೆ ಆ ಮನೆಯ ಮಗ್ಗದ ರೂಢಿ ತಿಳಿಯಬೇಕು. ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿದ ಮಗ್ಗ ಅದು. ಕಾಲಿಗೆ ಅಲ್ಲಿ ಕೆಲಸವಿಲ್ಲ. ಹಾಸಿನ ಎಳೆಗಳ ನಡುವೆ ಬೆರಳು ಓಡಬೇಕು, ಕಬ್ಬಿಣದ ಪಂಜಾದಿಂದ ನೂಲನ್ನು ಬಡಿದು ಕೂಡಿಸಬೇಕು, ಅಷ್ಟೇ. ನೇಯುವವರು ಹೆಂಗಸರೇ. ಆದರೆ ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸುತ್ತಿರಲಿಲ್ಲ. ಮಗಳು ನಾಳೆ ಇನ್ನೊಂದು ಮನೆಗೆ ಹೋಗುವವಳು, ವಿದ್ಯೆ ಅವಳ ಜೊತೆ ಹೊಸ್ತಿಲು ದಾಟಿಬಿಡುತ್ತದೆ ಎಂದು. ಕಲಿಸುವುದು ಸೊಸೆಗೆ. ಬಂದವಳಿಗೆ ಕಲಿಸಬೇಕು, ಹೋಗುವವಳಿಗೆ ಕಲಿಸಬಾರದು.

ಖಾಸಿಂಬಿಯ ಅಕ್ಕ ಮಗ್ಗದ ಕೋಣೆಗೆ ಕಾಲಿಟ್ಟರೆ ತಾಯಿ ರೇಷ್ಮಾಬಿ ಕಣ್ಣು ದೊಡ್ಡದು ಮಾಡಿ ಹೊರಗೆ ಕಳಿಸುತ್ತಿದ್ದಳು. ಅವಳು ಮುಂದೆ ಅಣ್ಣಿಗೇರಿಗೆ ಮದುವೆಯಾಗಿ ಹೋದಳು. ಖಾಸಿಂಬಿಗೆ ಹನ್ನೆರಡು ತುಂಬಿದ ವರ್ಷ ಒಂದು ಬೆಳಿಗ್ಗೆ ತಾಯಿಯೇ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಮಗ್ಗದ ಮುಂದೆ ಕೂರಿಸಿ, ಪಂಜಾವನ್ನು ಕೈಗೆ ಕೊಟ್ಟಳು. ಒಂದು ಮಾತನ್ನೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಇವಳು ಹೋಗುವವಳಲ್ಲ ಎಂದು ಮನೆ ಅಂದು ತೀರ್ಮಾನ ಮಾಡಿತ್ತು. ಹನ್ನೆರಡರ ಹುಡುಗಿಗೆ ಅದು ಪೂರಾ ತಿಳಿಯಿತು. ತಿಳಿದೂ ಅವಳು ಪಂಜಾ ಎತ್ತಿದಳು, ಮತ್ತು ಮಧ್ಯಾಹ್ನದ ಹೊತ್ತಿಗೆ ತಾಯಿಗಿಂತ ಬಿಗಿಯಾಗಿ ಬಡಿಯುತ್ತಿದ್ದಳು. ಸಿಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿರಲಿಲ್ಲ.

ಆ ಲೆಕ್ಕದಲ್ಲಿ ಅವಳು ಆ ಮನೆಯ ಮಗಳೂ ಹೌದು, ಸೊಸೆಯೂ ಹೌದು. ತಂದೆ ತೀರಿಕೊಂಡಾಗ ಜಹೀರುದ್ದೀನನಿಗೆ ಹತ್ತು ವರ್ಷ. ಅವನ ಶಾಲೆ, ಕಾಲೇಜು, ಬಿ.ಎಡ್. ಫೀಸು, ಹುಬ್ಬಳ್ಳಿಯ ಹಾಸ್ಟೆಲಿನ ಊಟ ಎಲ್ಲವೂ ಆ ಮಗ್ಗದಿಂದಲೇ ಇಳಿದು ಬಂದದ್ದು. ಇದನ್ನು ಅವನು ಮರೆತವನಲ್ಲ, ಆ ಮಾತು ಅವನ ಪರವಾಗಿ ಹೇಳಲೇಬೇಕು. ನೌಕರಿ ಹತ್ತಿ ಮೊದಲ ಪಗಾರ ಬಂದ ದಿನ ಅದನ್ನು ತಂದು ಅಕ್ಕನ ಕೈಯಲ್ಲಿಟ್ಟು, "ಇನ್ನ ಮ್ಯಾಲೆ ಈ ಮನಿಗೆ ನಿನ್ನ ಒಂದು ಪೈಸಾನೂ ಬ್ಯಾಡ ಆಪಾ, ನಿನ್ನ ದುಡಿಮಿ ನಿನಗ" ಎಂದಿದ್ದ. ಅಂದು ಅವಳಿಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು. ಆಮೇಲೆ ತಿಂಗಳುಗಳು ಕಳೆದ ಹಾಗೆ, ಮನೆಗೆ ಬೇಡವಾದ ರೊಕ್ಕವನ್ನು ಟ್ರಂಕಿನಲ್ಲಿ ಹಾಕುತ್ತ ಕೂರುವುದು ಎಷ್ಟು ಬೇಸರದ ಕೆಲಸ ಎಂಬುದು ತಿಳಿಯಿತು. ಒಲ್ಲೆನೆಂದವನು ತಮ್ಮ, ಒಪ್ಪಿದವಳು ತಾನು. ಯಾರನ್ನು ಬೈಯುವುದು?

ಆ ಬೇಸರದಿಂದ ಅವಳನ್ನು ಪಾರು ಮಾಡಿದವಳು ತಮ್ಮನ ಹೆಂಡತಿ ರುಬಿಯಾ. ಹಳೆಯ ಮನೆ ಕೆಡವಿ ಸಾಲ ತೆಗೆದು ಹೊಸದು ಕಟ್ಟಿದ್ದರು. ಮಗ್ಗ ನಿಲ್ಲಲಿ ಎಂದು ಮುಂದಿನ ಕೋಣೆಗೆ ಎತ್ತರದ ಮಾಳಿಗೆಯನ್ನೂ ಹಾಕಿಸಿದ್ದರು. ಸಾಲದ ಎರಡನೇ ಕಂತಿನ ತಿಂಗಳಲ್ಲೇ ರುಬಿಯಾ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಆಪಾ, ಗ್ಯಾಸ್ ಸಿಲಿಂಡರ್ ಬಂದೈತ್ರಿ, ಕೈಯಾಗ ಏನೂ ಇಲ್ರಿ. ಅವರಿಗೆ ಹೇಳಬ್ಯಾಡ್ರಿ" ಎಂದಿದ್ದಳು. ಖಾಸಿಂಬಿ ಆ ದಿನ ಹಬ್ಬದ ಊಟ ಉಂಡಷ್ಟು ಸಂತೋಷಪಟ್ಟಳು. ಅಲ್ಲಿಂದ ಮುಂದೆ ಒಂಬತ್ತು ವರ್ಷ ಗ್ಯಾಸು, ಹಾಲು, ಜೋಳ, ತಮ್ಮನ ಮಗಳ ಟ್ಯೂಶನ್ ಎಲ್ಲವೂ ಮುಂದಿನ ಕೋಣೆಯಿಂದ ಅಡುಗೆಮನೆಗೆ ಸದ್ದಿಲ್ಲದೆ ಹೋಗುತ್ತಿದ್ದವು. ಜಹೀರುದ್ದೀನ ತನ್ನ ಹೆಂಡತಿ ಬಲು ಹಿತಮಿತದವಳು ಎಂದು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಈಗ ಕಾಗದದ ಮಾತು ರುಬಿಯಾಳ ಕಿವಿಗೂ ಬಿದ್ದಿತ್ತು. ಚಹಾ ತಂದು ಕೆಳಗಿಟ್ಟವಳು ಅಲ್ಲೇ ನಿಂತಳು.

"ಸಹಿ ಮಾಡಿಬಿಡ್ರಿ ಆಪಾ."

"ಸುಳ್ಳಿಗೆ ಸಹಿ ಮಾಡಂತೀ?"

"ಖರೇ ಹೇಳಾಕ ಹೋದ್ರ ನನ್ನ ಕಥಿ ಏನಾಗತೈತ್ರಿ? ಅವರು ಒಂದ ಮಾತು ಹೇಳಿದ್ರು, ನಾ ಒಂಬತ್ತು ವರ್ಷ ಅದನ್ನ ಮುರಕೊಂಡ ಬಂದೀನಿ. ಕಟಗೊಂಡ ಹೆಂಡ್ತೀನ ನನ್ನ ಕಣ್ಣಾಗ ಮಣ್ಣ ಒಗದ್ಲು ಅಂತಾರ್ರಿ." ಖಾಸಿಂಬಿ ಚಹಾ ಕುಡಿಯಲಿಲ್ಲ, ನವಿಲಿನ ಕೊರಳನ್ನೂ ಮುಗಿಸಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಕೋಲು ಹಿಡಿದುಕೊಂಡು ಎರಡು ಓಣಿ ದಾಟಿ ಪಂಢರಿನಾಥ ಕಾಕಾನ ಮನೆಗೆ ಹೋದಳು. ಕಾಕಾ ಪೋಸ್ಟಾಫೀಸಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಜನವರಿ ಬಂತೆಂದರೆ ಊರಿನ ಅರ್ಧ ಮಾಸ್ತರರು ತೆರಿಗೆಯ ಕಾಗದ ಹಿಡಿದು ಅವನ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಾರೆ. ಫೀಸು ಅಂತ ಕೇಳುವುದಿಲ್ಲ. ಪೇಢೆ ತಂದರೆ ಬೇಡ ಅನ್ನುವುದಿಲ್ಲ.

"ಏನವಾ ಖಾಸಿಂಬಿ, ನೀನೂ ರಿಟರ್ನ್ ತುಂಬೋವಷ್ಟು ದೊಡ್ಡಾಕಿ ಆದ್ಯಾ?" ಎಂದು ಕಾಕಾ ಕುರ್ಚಿ ಎಳೆದುಕೊಟ್ಟ.

ಅವಳು ಕಾಗದ ತೋರಿಸಿದಳು. ಕಾಕಾ ಓದಿ, "ಇದರಾಗೇನದ, ಸಹಿ ಮಾಡು. ಎಲ್ಲಾರೂ ಮಾಡ್ತಾರ. ಯಾರು ಬಂದು ಕೇಳ್ತಾರ?" ಎಂದ.

"ನಾ ಕೇಳಾಕ ಬಂದೀನಲ್ರಿ ಕಾಕಾ. ಕಾಯ್ದೆ ಏನ ಅಂತೈತಿ, ಅದನ್ನ ಹೇಳ್ರಿ."

ಕಾಕಾ ಅವಳ ಮುಖವನ್ನು ಒಮ್ಮೆ ನೋಡಿ, ಕನ್ನಡಕ ಏರಿಸಿಕೊಂಡು, ಮೇಜಿನ ಮೇಲಿದ್ದ ದಪ್ಪ ಪುಸ್ತಕ ತೆಗೆದ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತ ಹೇಳಿದ. "ಹೆಂಡತಿ, ಮಕ್ಕಳು, ತಂದಿ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಇಷ್ಟೂ ಮಂದಿ ಇದರಾಗ ಬರ್ತಾರ. ನಲವತ್ತಕ್ಕ ಎಪ್ಪತ್ತೈದು ಸಾವಿರ, ಎಂಬತ್ತು ಮುಟ್ಟಿದರ ಒಂದು ಲಕ್ಷದ ಇಪ್ಪತ್ತೈದು. ಎಷ್ಟು ಖರ್ಚು ಮಾಡೀ ಅಂತ ಕೇಳೋದಿಲ್ಲ, ಅಷ್ಟೂ ಬಿಟ್ಟುಬಿಡ್ತಾರ. ಕೇಳೋದು ಒಂದ ಮಾತು. ಆ ಮನಿಷ್ಯಾ ತನ್ನ ಪೋಷಣಾಕ್ಕ ಇವನ ಮ್ಯಾಲೆ ಸಂಪೂರ್ಣ ಅಥವಾ ಮುಖ್ಯವಾಗಿ ಅವಲಂಬನ ಆಗಿರಬೇಕು."

"ಮುಖ್ಯವಾಗಿ ಅಂದ್ರ?"

"ಅರ್ಧಕ್ಕಿಂತ ಹೆಚ್ಚು ಅಂತ ನಾನಾದರ ತಿಳಕೊಂಡೀನಿ."

ಖಾಸಿಂಬಿ ಎಣಿಸತೊಡಗಿದಳು. ಮನೆಯಲ್ಲಿ ಯಾರಿಗೂ ಹೇಳದ ಲೆಕ್ಕವನ್ನು ಅನ್ಯರ ಕಟ್ಟೆಯ ಮೇಲೆ ಬಿಚ್ಚಿದಳು. ಹಾಲು ಇಷ್ಟು, ಗ್ಯಾಸು ಇಷ್ಟು, ಜೋಳ ಇಷ್ಟು. ಅದು ಅವಳು ಉಣ್ಣುವುದಕ್ಕಿಂತ ಮೂರು ಪಟ್ಟು ಆಗುತ್ತಿತ್ತು. ಅದನ್ನು ಹೇಳುವಾಗ ಅವಳ ದನಿ ಏರಿತ್ತು. ಆದರೆ ಎಣಿಸುತ್ತ ಹೋದಂತೆ ಇನ್ನೊಂದು ಕಡೆಯೂ ಭಾರವಾಗತೊಡಗಿತು. ತಲೆಯ ಮೇಲಿನ ಮಾಳಿಗೆ ತಮ್ಮನದು. ಎರಡು ವರ್ಷದ ಹಿಂದೆ ಪಿತ್ತಕೋಶದ ಕಲ್ಲಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆದಾಗ ಐವತ್ತು ಸಾವಿರ ಕಟ್ಟಿದವನು ಅವನು. ನಾಲ್ಕು ದಿನ ರಜೆ ಹಾಕಿ ಹಾಸಿಗೆಯ ಬದಿಗೆ ಸ್ಟೂಲಿನ ಮೇಲೆ ಕೂತವನೂ ಅವನೇ. ಇದನ್ನು ಬಿಟ್ಟು ಎಣಿಸಿದರೆ ಅದೂ ಸುಳ್ಳೇ ಆಗುತ್ತದಲ್ಲ ಎಂದು ಅವಳಿಗೆ ಅನ್ನಿಸಿತು.

"ಅರ್ಧಾ ನಾ, ಅರ್ಧಾ ಅವ" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ಕಾಯ್ದೆದಾಗ ಅರ್ಧಾ ಅನ್ನೋ ಕಾಲಮ್ ಇಲ್ಲವಾ."

"ಹಂಗಾರ ನನ್ನ ಕಾಲಿಗೆ ನನಗೇನೂ ಸಿಗೂದಿಲ್ಲೇನ್ರಿ?"

"ಯಾಕಿಲ್ಲ? ಅಂಗವಿಕಲರು ತಾವ ದುಡೀತಿದ್ದರ ತಮ್ಮ ಆದಾಯದಾಗ ತಾವ ಎಪ್ಪತ್ತೈದು ಸಾವಿರ ಬಿಡಿಸಿಕೊಬಹುದು. ಅದಕ್ಕ ಕಾಯ್ದೆದಾಗ ಬ್ಯಾರೆ ಕಲಂ ಅದ. ಆದರ ಮೊದಲ ತೆರಿಗಿ ಬೀಳೋವಷ್ಟು ದುಡೀಬೇಕು."

ಖಾಸಿಂಬಿಗೆ ನಗು ತಡೆಯಲಾಗಲಿಲ್ಲ. "ಅಂದ್ರ ರಿಯಾಯ್ತಿ ಬೇಕಂದ್ರ ಮೊದಲ ಸಾವಕಾರ್ತಿ ಆಗಬೇಕು!"

ಕಾಕಾನೂ ನಕ್ಕ. ನಕ್ಕು ಮುಗಿದ ಮೇಲೆ ಪುಸ್ತಕ ಮುಚ್ಚಿ, "ಒಂದು ಕೇಳ್ತೀನಿ" ಎಂದ. "ಈ ಹಾಲಿಂದು, ಗ್ಯಾಸಿಂದು ನಿನ್ನ ತಮ್ಮಗ ಗೊತ್ತದ ಏನು?"

"ಇಲ್ರಿ."

"ಹಂಗಾದರ ಅವ ಬರದದ್ದು ಸುಳ್ಳಲ್ಲ. ಅವಗ ಗೊತ್ತಿದ್ದಷ್ಟು ಅವ ಬರದಾನ. ನೀ ಸಹಿ ಮಾಡಿದರ ಮಾತ್ರ ಅದು ಸುಳ್ಳಾಗ್ತದ."

ಎರಡು ಓಣಿಯ ದಾರಿ ತಿರುಗಿ ಬರುವಾಗ ಖಾಸಿಂಬಿಗೆ ಹೋಗುವಾಗಿನ ಎರಡರಷ್ಟು ಹೊತ್ತು ಹಿಡಿಯಿತು. ಕಾಕಾ ಒಳ್ಳೆಯವನು, ಆದರೆ ಗಂಟನ್ನು ಬಿಚ್ಚಿ ಕೊಡುವ ಬದಲು ಅವಳ ಕೈಗೇ ಕೊಟ್ಟು ಕಳಿಸಿದ್ದ. ಸಹಿ ಮಾಡಿದರೆ ನಲವತ್ತು ವರ್ಷದ ದುಡಿಮೆಯನ್ನು ತನ್ನ ಕೈಯಿಂದ ತಾನೇ ಅಳಿಸಿದಂತೆ. ಮಾಡದಿದ್ದರೆ ಯಾಕೆ ಎಂದು ಹೇಳಬೇಕು, ಹೇಳಿದರೆ ರುಬಿಯಾಳ ಸಂಸಾರದಲ್ಲಿ ಬೆಂಕಿ. ಹಾಳಾದ ಎಪ್ಪತ್ತೈದು ಸಾವಿರ ಎಂದು ಬೈದುಕೊಂಡಳು. ಬೈದದ್ದು ಜೋರಾಗಿಯೇ ಕೇಳಿಸಿರಬೇಕು, ಎದುರಿಗೆ ಬಂದ ಸೈಕಲ್ಲಿನವನು ಬದಿಗೆ ಸರಿದ.

ಸಂಜೆ ಅಸರ್ ನಮಾಜು ಮುಗಿಸಿ ಬಂದ ಜಹೀರುದ್ದೀನ ಮಗ್ಗದ ಕೋಣೆಗೆ ಬಂದ. ರುಬಿಯಾ ಮೂಲೆಯಲ್ಲಿ ಕೂತು ನೂಲಿನ ಉಂಡೆ ಸುತ್ತುತ್ತಿದ್ದಳು.

"ಆತೇನು ಆಪಾ ಸಹಿ?"

"ಮಾಡೂದಿಲ್ಲ."

ಅವನು ಅದನ್ನು ಚೇಷ್ಟೆ ಎಂದುಕೊಂಡ. ಅಕ್ಕ ನಗದೇ ಇರುವುದನ್ನು ಈ ಸಲ ನೋಡಿದ. "ಯಾಕ?"

"ಸುಮ್ನ. ಮನಸ್ಸಿಲ್ಲ."

"ಮನಸ್ಸಿಲ್ಲ ಅಂದ್ರ? ಇಪ್ಪತ್ತೈದು ಸಾವಿರದ ಮಾತದು. ಕಾಲಿನ ಮಾತು ಬರದಾರ ಅಂತ ಸಿಟ್ಟೇನು?"

"ಕಾಲಿನ ಮಾತಲ್ಲ."

"ಹಂಗಾರ ನಾ ನಿನಗೇನ ಕಡಿಮಿ ಮಾಡೀನಿ ಹೇಳು. ಊಟಕ್ಕ ಕಡಿಮಿ ಮಾಡೀನೋ, ಔಷಧಕ್ಕ ಕಡಿಮಿ ಮಾಡೀನೋ?" ಅವನ ದನಿ ಏರುತ್ತ ಹೋಯಿತು. "ಅಮ್ಮಾ ಸಾಯೂ ಮುಂದ ನನ್ನ ಕೈ ಹಿಡದು ಏನ ಹೇಳಿದ್ಲು ಗೊತ್ತೇನ ನಿನಗ? ಆಪಾನ್ನ ನಿನ್ನ ಕೈಯಾಗ ಇಟ್ಟೀನಿ ಅಂದ್ಲು. ಅವತ್ತಿನಿಂದ ಇವತ್ತಿನ ತನಕ ಆ ಮಾತ ನಾ ತಪ್ಪೀನೇನು? ನಿನ್ನ ಒಂದು ಪೈಸಾ ಮುಟ್ಟೀನೇನು? ಅದನ್ನ ಒಂದು ಕಾಗದದ ಮ್ಯಾಲೆ ಬರಿ ಅಂದ್ರ ನಿನಗ ಮನಸ್ಸಿಲ್ಲ!"

ಖಾಸಿಂಬಿ ಪಂಜಾ ಕೆಳಗಿಟ್ಟಳು. "ನಿನಗೂ ಹಂಗಂದ್ಲು?" ಎಂದಳು.

"ನಿನಗೂ ಅಂದ್ರ?"

"ನನ್ನ ಕೈ ಹಿಡದು, ಜಹೀರನ್ನ ನಿನ್ನ ಕೈಯಾಗ ಇಟ್ಟೀನಿ, ಅವನ್ನ ಬಿಡಬ್ಯಾಡ ಅಂದಿದ್ಲು."

ರೇಷ್ಮಾಬಿ ಎಂಥ ಜಾಣೆ! ಇಬ್ಬರು ಮಕ್ಕಳನ್ನು ಒಬ್ಬರ ಕೈಯಲ್ಲೊಬ್ಬರನ್ನು ಇಟ್ಟು, ಇಬ್ಬರಿಗೂ ಇನ್ನೊಬ್ಬರನ್ನು ತಾನೇ ಹೊತ್ತಿದ್ದೇನೆ ಎಂಬ ಭಾವನೆ ಕೊಟ್ಟು ಹೋಗಿದ್ದಳು. ಖಾಸಿಂಬಿ ತಮ್ಮನ ಮುಖ ನೋಡಿದಳು. ನಲವತ್ಮೂರು ವರ್ಷದ ಮುಖ, ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ತನಗೆ ಕಾಗದದಲ್ಲಿ ಚುಚ್ಚಿದ 'ಅವಲಂಬಿತ' ಎಂಬ ಶಬ್ದ ಇವನಿಗೆ ಮಾತು ಉಳಿಸಿಕೊಂಡ ಮರ್ಯಾದೆ ಎಂಬುದು ಅವಳಿಗೆ ಆಗ ಹೊಳೆಯಿತು. ಮೂಲೆಯಲ್ಲಿ ರುಬಿಯಾಳ ಕೈ ಉಂಡೆಯ ಮೇಲೆ ನಿಂತುಬಿಟ್ಟಿತ್ತು. ಇಷ್ಟು ಮಂದಿಯ ನೆಮ್ಮದಿ ಒಂದು ಗೆರೆಯ ಮೇಲೆ ನಿಂತಿದ್ದರೆ ಎಳೆದುಬಿಡೋಣ ಆ ಗೆರೆ, ಅಲ್ಲಾಹ್‌ನಿಗೆ ಎಲ್ಲ ಗೊತ್ತಿದೆ ಎಂದುಕೊಂಡಳು.

"ಕೊಡು ಪೆನ್ನು" ಎಂದಳು.

ಜಹೀರುದ್ದೀನ ಕಿಸೆಯಿಂದ ಪೆನ್ನು ತೆಗೆದು ಕೊಟ್ಟ. ಅವಳು ಬುಟ್ಟಿಯಿಂದ ಕಾಗದ ತೆಗೆದು ಮೊಣಕಾಲಿನ ಮೇಲೆ ಹರವಿಕೊಂಡು, ಹೆಸರಿನ ಮೊದಲ ಅಕ್ಷರ ಬರೆದಳು. ಆ ಒಂದು ಅಕ್ಷರಕ್ಕೇ ಅವಳ ಕಣ್ಣು ಮಂಜಾಯಿತು.

"ಬ್ಯಾಡ್ರಿ ಆಪಾ!" ರುಬಿಯಾ ಎದ್ದು ನಿಂತಿದ್ದಳು. ಉಂಡೆ ಉರುಳಿ ಬಾಗಿಲವರೆಗೆ ಹೋಯಿತು. ಗಂಡನ ಕಡೆ ತಿರುಗಿದಳು, ಆದರೆ ಅವನ ಮುಖ ನೋಡುವ ಧೈರ್ಯ ಇರಲಿಲ್ಲ. ಗೋಡೆಯನ್ನು ನೋಡುತ್ತ ಹೇಳಿದಳು. "ಗ್ಯಾಸಿನ ರೊಕ್ಕ ಆಪಾ ಕೊಡತಾರ್ರಿ. ಹಾಲಿಂದೂ ಅವರ. ಜೋಳ, ಟ್ಯೂಶನ್ನಿನ ಫೀಸು… ಕಂತು ಚಾಲೂ ಆದಾಗಿನಿಂದ. ನಾನ ಹೋಗಿ ಕೇಳಿದೆ. ಅವರ ತಪ್ಪಿಲ್ಲ. ಬೈಯೂದಿದ್ರ ನನ್ನ ಬೈರಿ."

ಜಹೀರುದ್ದೀನ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊಸ್ತಿಲ ಮೇಲೆ ಕೂತ. ಯಾರನ್ನೂ ಕೇಳದೆ ತನ್ನನ್ನೇ ಕೇಳಿಕೊಳ್ಳುವಂತೆ, "ಹಂಗಾರ ಇಷ್ಟ ವರ್ಷ ನಾ ಯಾರ ಹಾಲಿನ ಚಹಾ ಕುಡದೆ?" ಎಂದ.

ಖಾಸಿಂಬಿ ನಿನ್ನೆಯಿಂದ ಬಯಸಿದ್ದು ಇದನ್ನೇ, ಇವನಿಗೆ ತಿಳಿಯಲಿ ಎಂದು. ತಿಳಿದಾಗ ಇವನ ಮುಖ ಹೀಗೆ ಸಣ್ಣದಾಗುತ್ತದೆ ಎಂಬುದನ್ನು ಎಣಿಸಿರಲಿಲ್ಲ. ಅವನು ಎದ್ದು, ಅವಳ ಮೊಣಕಾಲಿನ ಮೇಲಿಂದ ಕಾಗದವನ್ನು ಮೆಲ್ಲಗೆ ತೆಗೆದುಕೊಂಡು, ನಾಲ್ಕಾಗಿ ಮಡಚಿ ಕಿಸೆಯಲ್ಲಿ ಹಾಕಿಕೊಂಡು ಹೊರಗೆ ಹೋದ. ರುಬಿಯಾ ಉಂಡೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅತ್ತಳು. ಅಳುವ ಸದ್ದು ಮುಂದಿನ ಕೋಣೆಗೂ ಕೇಳಿಸುತ್ತಿತ್ತು.

ಹೊತ್ತು ಮುಳುಗಿ ಮಗರಿಬ್‌ನ ಆಜಾನ್ ಆಗುವ ಮೊದಲೇ ಜಹೀರುದ್ದೀನ ತಿರುಗಿ ಬಂದ. ನೆಟ್ಟಗೆ ಒಳಗೆ ಹೋಗಿ ರುಬಿಯಾಳಿಗೆ ಏನೋ ಅಂದ, ದನಿ ತಗ್ಗಿತ್ತು. ಆಮೇಲೆ ನಡುಮನೆಗೆ ಬಂದು, ಊಟದ ಮೇಜಿನ ಹತ್ತಿರ ಕೂತಿದ್ದ ಅಕ್ಕನ ಎದುರು ಕುರ್ಚಿ ಎಳೆದು ಕೂತ. ಓದಿಕೊಳ್ಳುತ್ತಿದ್ದ ಮಗಳು ತಲೆ ಎತ್ತಿದಳು. ರುಬಿಯಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಆ ರಿಯಾಯ್ತಿ ನಾ ಕೇಳೂದಿಲ್ಲ ಅಂತ ಹೆಡ್‌ಮಾಸ್ತರಿಗೆ ಫೋನ್ ಮಾಡಿ ಹೇಳೀನಿ" ಎಂದ. ಮುಂದಿನ ಮಾತಿಗೆ ಅವನು ಪಟ್ಟ ಕಷ್ಟ ಎಲ್ಲರಿಗೂ ಕಾಣುತ್ತಿತ್ತು. "ಪಗಾರದಾಗ ಇಪ್ಪತ್ತೈದು ಸಾವಿರ ಹಿಡೀತಾರ. ಮನಿ ಕಂತಿಗೆ ಹತ್ತು ಸಾವಿರ ಕಡಿಮಿ ಬೀಳತೈತಿ. ನನ್ನ ಕಡೆ ಇಲ್ಲ."

ಖಾಸಿಂಬಿ ಕಾಯುತ್ತಿದ್ದಳು.

"ನೀ ಕೊಡತೀಯೇನು, ಆಪಾ?"

ನೌಕರಿ ಹತ್ತಿದ ಹದಿನೇಳು ವರ್ಷದಲ್ಲಿ ಅವನು ಅವಳ ಹತ್ತಿರ ಒಂದು ರೂಪಾಯಿಯನ್ನೂ ಕೇಳಿರಲಿಲ್ಲ. 'ಬೇಕೇನು' ಎಂದು ಕೇಳುತ್ತಿದ್ದ, 'ತಂದೀನಿ ತಗೋ' ಎನ್ನುತ್ತಿದ್ದ, 'ಕೊಡು' ಎಂದಿರಲಿಲ್ಲ. ಅಳುವುದು ಬೇಡವೆಂದು ಖಾಸಿಂಬಿ ಗದರಿಸಿದಳು. "ಕೇಳಾಕ ಇಷ್ಟ ಹೊತ್ತ ಬೇಕಾತೇನಲೇ? ಕೊಡತೀನಿ, ಕುಂದರು."

"ಟ್ರಂಕಿನ ಕೀಲಿ ಕೊಡ್ರಿ ಆಪಾ, ನಾ ತರತೀನಿ" ಎಂದು ರುಬಿಯಾ ರೂಢಿಯಂತೆ ಮುಂದೆ ಬಂದಳು.

"ಬ್ಯಾಡ. ನಾನ ತರತೀನಿ."

ಕೋಲು ಊರಿ ಎದ್ದಳು. ನಡುಮನೆಯಿಂದ ಮುಂದಿನ ಕೋಣೆಗೆ ಇಪ್ಪತ್ತು ಹೆಜ್ಜೆ. ಎಡಗಾಲನ್ನು ಎಳೆದುಕೊಂಡು, ಒಂದೊಂದೇ ಹೆಜ್ಜೆ ಇಟ್ಟುಕೊಂಡು, ತಮ್ಮ, ಅವನ ಹೆಂಡತಿ, ಅವನ ಮಗಳು ಎಲ್ಲರೂ ನೋಡುತ್ತಿರುವಾಗ, ಖಾಸಿಂಬಿ ಯಾವ ಗಡಿಬಿಡಿಯೂ ಇಲ್ಲದೆ ತನ್ನ ಟ್ರಂಕಿನ ಕಡೆ ನಡೆದಳು.